ಆದರ್ಶ ಆರೋಗ್ಯ ವ್ಯವಸ್ಥೆಯನ್ನು ಯಾವ ಬಾಗಿಲಿನಿಂದ ಕಟ್ಟಬೇಕು?

ಪ್ರಶ್ನೆ: ನಾವು ಮಧುಗಿರಿ ತಾಲ್ಲೂಕಿನವರು. ನಮ್ಮ ತಂದೆಯವರಿಗೆ ಬಹಳ ವರ್ಷಗಳಿಂದ ಬಿಪಿ ಇತ್ತು. ಮಾತ್ರೆ ಇದ್ದಾಗ ನುಂಗುತ್ತಿದ್ದರು, ಮುಗಿದರೆ ಬಿಟ್ಟುಬಿಡುತ್ತಿದ್ದರು. ಕಳೆದ ವರ್ಷ ಲಕ್ವ ಹೊಡೆಯಿತು. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ದಾಖಲಾದಾಗಿನ ಖರ್ಚು ಸರ್ಕಾರಿ ಕಾರ್ಡಿನಿಂದ ಕಳೆಯಿತು. ಆಮೇಲಿನ ಮಾತ್ರೆ, ಫಿಸಿಯೋಥೆರಪಿ, ಓಡಾಟಕ್ಕೆಲ್ಲ ಸಾಲ ಮಾಡಬೇಕಾಯಿತು. ದೇಶಕ್ಕೆ ಆರೋಗ್ಯ ವ್ಯವಸ್ಥೆಯೊಂದನ್ನು ಹೊಸದಾಗಿ ಕಟ್ಟುವುದಾದರೆ ಅದು ಹೇಗಿರಬೇಕು? ಎಲ್ಲರಿಗೂ ವಿಮೆ ಕೊಟ್ಟರೆ ಸಾಕೆ, ಅಥವಾ ಎಲ್ಲ ಆಸ್ಪತ್ರೆಗಳನ್ನೂ ಸರ್ಕಾರವೇ ವಹಿಸಿಕೊಳ್ಳಬೇಕೆ? ಅಲ್ಲಿಯವರೆಗೆ ನಾವು ಖಾಸಗಿ ಪಾಲಿಸಿ ಮಾಡಿಸುವುದು ಒಳ್ಳೆಯದೆ?

ಉತ್ತರ: ವಿಮೆಯೊಂದೇ ಸಾಲದು, ಎಲ್ಲ ಆಸ್ಪತ್ರೆಗಳನ್ನೂ ಸರ್ಕಾರ ವಹಿಸಿಕೊಳ್ಳುವ ಅಗತ್ಯವೂ ಇಲ್ಲ. ಕಾಯಿಲೆಯವರು ಮೊದಲು ಹೋಗಿ ನಿಲ್ಲುವ ಬಾಗಿಲಿನಲ್ಲಿ ಅವರ ಹೊಣೆಯನ್ನು ಹೊತ್ತವರು ಯಾರು ಎಂಬುದನ್ನು ಮೊದಲು ತೀರ್ಮಾನಿಸಿ, ಹಣವನ್ನೂ ಸಿಬ್ಬಂದಿಯನ್ನೂ ದೊಡ್ಡ ಆಸ್ಪತ್ರೆಗಳನ್ನೂ ಆ ಬಾಗಿಲಿಗೆ ತಕ್ಕಂತೆ ಜೋಡಿಸುವುದೇ ನನ್ನ ಪ್ರಕಾರ ಸರಿಯಾದ ಕ್ರಮ. ನಮ್ಮಲ್ಲಿ ಈಗ ನಡೆಯುತ್ತಿರುವುದು ಬಹುಮಟ್ಟಿಗೆ ಇದರ ತಿರುವುಮುರುವು.

ನಿಮ್ಮ ತಂದೆಯವರ ವಿಷಯವನ್ನೇ ನೋಡಿ. ಆಯುಷ್ಮಾನ್ ಭಾರತ್ ಯೋಜನೆ 2018ರಲ್ಲಿ ಬಂದ ಮೇಲೆ ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆಸ್ಪತ್ರೆ ಚಿಕಿತ್ಸೆ ಸಿಗುತ್ತಿದೆ. ನಮ್ಮ ರಾಜ್ಯದಲ್ಲಿ ಅದು ಆರೋಗ್ಯ ಕರ್ನಾಟಕದೊಂದಿಗೆ ಸೇರಿಕೊಂಡಿದ್ದು, ಬಿಪಿಎಲ್ ಕಾರ್ಡ್ ಇಲ್ಲದ ಕುಟುಂಬಗಳಿಗೂ ಪ್ಯಾಕೇಜ್ ದರದ (ಒಂದೊಂದು ಚಿಕಿತ್ಸೆಗೂ ಸರ್ಕಾರ ನಿಗದಿ ಮಾಡಿದ ಮೊತ್ತದ) ಶೇ. 30ರಷ್ಟನ್ನು ಮಿತಿಯೊಳಗೆ ಭರಿಸುತ್ತದೆ. ಇದನ್ನು ಹಗುರವಾಗಿ ಕಾಣುವಂತಿಲ್ಲ, ಎಷ್ಟೋ ಮನೆಗಳು ಜಮೀನು ಮಾರುವುದನ್ನು ಇದು ತಪ್ಪಿಸಿದೆ. ಆದರೆ ರಾಷ್ಟ್ರೀಯ ಯೋಜನೆಯ ನಿಯಮವನ್ನು ಓದಿದರೆ, ದಾಖಲಾಗುವ ಮೊದಲಿನ 3 ದಿನ ಮತ್ತು ಬಿಡುಗಡೆಯಾದ ನಂತರದ 15 ದಿನಗಳ ಔಷಧವಷ್ಟೇ ಪ್ಯಾಕೇಜಿನೊಳಗೆ ಬರುತ್ತದೆ. ಲಕ್ವ ಹೊಡೆದವರು ಜೀವಮಾನವಿಡೀ ಮಾತ್ರೆ ನುಂಗಬೇಕು. ಹದಿನಾರನೆಯ ದಿನದಿಂದ ಆ ಹೊಣೆ ಯಾರದು ಎಂದು ಕೇಳಿದರೆ ಯೋಜನೆಯ ಕಾಗದದಲ್ಲಿ ಉತ್ತರವಿಲ್ಲ. ಅದಕ್ಕಿಂತ ಹೆಚ್ಚಾಗಿ, ಲಕ್ವ ಹೊಡೆಯುವ ಮೊದಲಿನ ಅಷ್ಟೂ ವರ್ಷಗಳಲ್ಲಿ, ದಿನಕ್ಕೊಂದು ಅಗ್ಗದ ಮಾತ್ರೆಯಿಂದ ತಡೆಯಬಹುದಾಗಿದ್ದ ಅನಾಹುತಕ್ಕೆ ಆ ಯೋಜನೆ ಒಂದು ಪೈಸೆಯನ್ನೂ ಕೊಡುತ್ತಿರಲಿಲ್ಲ. ಜನ ಕೈಯಿಂದ ಹಾಕುವ ಹಣದ ಅತಿ ದೊಡ್ಡ ಪಾಲು ಹೋಗುವುದು ಔಷಧಕ್ಕೆ, ಅದರಲ್ಲೂ ಆಸ್ಪತ್ರೆಗೆ ದಾಖಲಾಗದೆ ಪಡೆಯುವ ಚಿಕಿತ್ಸೆಗೆ ಎಂಬುದು ಹಳೆಯ ವಿಷಯ.

ಇಲ್ಲಿ ನಮ್ಮ ಜಿಲ್ಲೆಗೇ ಸೇರಿದ ಒಂದು ಅಧ್ಯಯನವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಇದರ ಹೆಸರು ವೈದ್ಯಕೀಯ ಓದಿದವರಿಗೆ ಗೊತ್ತು, ತುಮಕೂರಿನ ಜನರಿಗೇ ಗೊತ್ತಿಲ್ಲ. ಬೆಂಗಳೂರಿನಲ್ಲಿ 1959ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಗೆ ದೇಶಕ್ಕೊಂದು ಕ್ಷಯ ನಿಯಂತ್ರಣ ಕಾರ್ಯಕ್ರಮವನ್ನು ರೂಪಿಸುವ ಕೆಲಸ ಬಿದ್ದಿತ್ತು. ಹಳ್ಳಿಯ ಜನಕ್ಕೆ ರೋಗದ ಅರಿವಿಲ್ಲ, ಅವರು ತಾವಾಗಿ ಬರುವುದಿಲ್ಲ, ಎಕ್ಸ್‌ರೇ ಯಂತ್ರವನ್ನು ವಾಹನದಲ್ಲಿ ಹೇರಿಕೊಂಡು ನಾವೇ ಊರೂರಿಗೆ ಹೋಗಿ ಹುಡುಕಬೇಕು ಎಂಬುದು ಆ ಕಾಲದ ಸಾಮಾನ್ಯ ನಂಬಿಕೆ. ಸಂಸ್ಥೆಯ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ, ಕ್ಷಯವಿದೆಯೆಂದು ಸಮೀಕ್ಷೆಯಲ್ಲಿ ಪತ್ತೆಯಾಗಿದ್ದವರನ್ನು ಮಾತನಾಡಿಸಿ, ನಿಮಗೆ ಏನಾಗುತ್ತಿದೆ, ಅದಕ್ಕೆ ಏನು ಮಾಡಿದಿರಿ ಎಂದು ಕೇಳಿದರು. 1963ರಲ್ಲಿ ಪ್ರಕಟವಾದ ಫಲಿತಾಂಶ ಆ ನಂಬಿಕೆಯನ್ನು ಬುಡಮೇಲು ಮಾಡಿತು. ಬಹುತೇಕ ಎಲ್ಲರಿಗೂ ತಮ್ಮ ಕೆಮ್ಮು, ಜ್ವರ, ಎದೆನೋವಿನ ಅರಿವಿತ್ತು, ಹೆಚ್ಚಿನವರಿಗೆ ಅದರ ಚಿಂತೆಯೂ ಇತ್ತು, ಮತ್ತು ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಯಾವುದೋ ಆಧುನಿಕ ಆಸ್ಪತ್ರೆಯ ಬಾಗಿಲಿಗೆ ಹೋಗಿ ಬಂದಿದ್ದರು. ಅಲ್ಲಿ ಅವರಿಗೆ ಸಿಗುತ್ತಿದ್ದುದು ಸಾಮಾನ್ಯವಾಗಿ ಒಂದು ಬಾಟಲಿ ಕೆಮ್ಮಿನ ಔಷಧ. ಕಫ ಪರೀಕ್ಷೆ ಮಾಡಿಸಿದವರಿಲ್ಲ. ಜನ ಬಂದಿದ್ದರು, ವ್ಯವಸ್ಥೆ ಅವರನ್ನು ವಾಪಸು ಕಳುಹಿಸಿತ್ತು. ಕ್ಷಯಕ್ಕೆ ಪ್ರತ್ಯೇಕ ದಂಡು ಕಟ್ಟುವ ಬದಲು ಸಾಮಾನ್ಯ ಆಸ್ಪತ್ರೆಯಲ್ಲೇ ಕಫ ಪರೀಕ್ಷೆ, ಅಲ್ಲೇ ಔಷಧ ಎಂಬ ರಾಷ್ಟ್ರೀಯ ಕಾರ್ಯಕ್ರಮದ ತಳಹದಿಯನ್ನು ಗಟ್ಟಿಮಾಡಿದ್ದು ಈ ತಿಳಿವಳಿಕೆ.

ಆ ಕೆಮ್ಮಿನ ಬಾಟಲಿಯ ಜಾಗದಲ್ಲಿ ಇಂದು ಬಿಪಿ, ಶುಗರ್ ರೋಗಿಗೆ ಕೊಡುವ ಹತ್ತು ದಿನದ ಮಾತ್ರೆ ಇದೆ. ಇದನ್ನು ಲೆಕ್ಕ ಹಾಕಿಯೇ ನೋಡೋಣ. ಬಯಲುಸೀಮೆಯಲ್ಲಿ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ 30,000 ಜನ ಎಂಬುದು ಸರ್ಕಾರದ ಮಾನದಂಡ. ಅವರಲ್ಲಿ ಸುಮಾರು 22,500 ಮಂದಿ 15 ವರ್ಷ ದಾಟಿದವರು ಎಂದುಕೊಳ್ಳಿ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಈ ವಯಸ್ಸಿನ ಮಹಿಳೆಯರಲ್ಲಿ ಶೇ. 21, ಪುರುಷರಲ್ಲಿ ಶೇ. 24ರಷ್ಟು ಮಂದಿಗೆ ರಕ್ತದೊತ್ತಡ ಹೆಚ್ಚಿದೆ ಅಥವಾ ಅವರು ಅದಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಐವರಲ್ಲಿ ಒಬ್ಬರು ಎಂದು ಕಡಿಮೆಯಾಗಿಯೇ ಹಿಡಿದರೂ 4,500 ಮಂದಿಯಾಯಿತು. ಅವರೆಲ್ಲ ತಿಂಗಳಿಗೊಮ್ಮೆ ಬರಬೇಕೆಂದರೆ, ತಿಂಗಳಿಗೆ 25 ಕೆಲಸದ ದಿನ ಹಿಡಿದು, ದಿನಕ್ಕೆ 180 ಮಂದಿ ಬರೀ ಬಿಪಿಗೆ. ಹತ್ತು ದಿನಕ್ಕೊಮ್ಮೆ ಮಾತ್ರೆ ಕೊಡುವುದಾದರೆ 540. ಇದರ ಜೊತೆಗೆ ಜ್ವರ, ಗರ್ಭಿಣಿಯರ ತಪಾಸಣೆ, ನಾಯಿ ಕಡಿತ, ಲಸಿಕೆ, ಮೀಟಿಂಗು, ವರದಿ ಎಲ್ಲವೂ ಇರುತ್ತವೆ, ವೈದ್ಯರು ಮಾತ್ರ ಬಹಳ ಕಡೆ ಒಬ್ಬರೇ. ಹಳ್ಳಿಯಿಂದ ಬಸ್ಸು ಹಿಡಿದು ಬರುವ ಹೆಣ್ಣುಮಗಳು ಅರ್ಧ ದಿನದ ಕೂಲಿ ಬಿಟ್ಟು, ಒಪಿಡಿ ಚೀಟಿ ಬರೆಸಿ, ಸಾಲಿನಲ್ಲಿ ನಿಂತು, ಔಷಧದ ಕಿಟಕಿಯಲ್ಲಿ ‘ಇದು ಸ್ಟಾಕ್ ಇಲ್ಲಮ್ಮ, ಹೊರಗಡೆ ತಗೊಳ್ಳಿ’ ಎಂಬ ಮಾತು ಕೇಳಿದರೆ, ಮುಂದಿನ ಸಲ ಅವರು ಬರುವುದಿಲ್ಲ. ಊರಿನ ಆರ್‌ಎಂಪಿ (ವೈದ್ಯಕೀಯ ಪದವಿ ಇಲ್ಲದೆ ಚಿಕಿತ್ಸೆ ಕೊಡುವವರು) ಹತ್ತಿರ ಹೋಗಿ ಒಂದು ಇಂಜೆಕ್ಷನ್ ಹಾಕಿಸಿಕೊಂಡು ಕೆಲಸಕ್ಕೆ ಹೋಗುತ್ತಾರೆ. ಇದನ್ನು ಅಜ್ಞಾನ ಎನ್ನುವವರು ಒಮ್ಮೆ ಆ ಸಾಲಿನಲ್ಲಿ ನಿಲ್ಲಬೇಕು.

ಹಾಗಾಗಿ ನನ್ನ ಮಾದರಿಯಲ್ಲಿ ಮೊದಲ ಕಟ್ಟು ಹೀಗಿರುತ್ತದೆ. ಪ್ರತಿ ಹತ್ತು ಸಾವಿರ ಜನಕ್ಕೆ ಒಬ್ಬ ವೈದ್ಯರು, ಅವರ ಕೆಳಗೆ ಈಗಾಗಲೇ ಉಪಕೇಂದ್ರಗಳಲ್ಲಿರುವ ಸಮುದಾಯ ಆರೋಗ್ಯ ಅಧಿಕಾರಿಗಳು, ನರ್ಸ್, ಫಾರ್ಮಸಿಸ್ಟ್, ಲ್ಯಾಬ್ ಟೆಕ್ನಿಷಿಯನ್ ಮತ್ತು ಆಶಾ ಕಾರ್ಯಕರ್ತೆಯರು ಸೇರಿ ಒಂದು ತಂಡ. ಆ ತಂಡದ ಬಳಿ ತನ್ನ ಜನರ ಹೆಸರುಪಟ್ಟಿ ಇರಬೇಕು. ಪಟ್ಟಿಯಲ್ಲಿರುವ ವ್ಯಕ್ತಿ ಬಂದರೂ ಬಾರದಿದ್ದರೂ ಅವರ ಹೊಣೆ ತಂಡದ್ದು. ಮೂರು ತಿಂಗಳಿಂದ ಮಾತ್ರೆ ತೆಗೆದುಕೊಂಡು ಹೋಗದವರು ಯಾರು ಎಂಬುದು ಸೋಮವಾರ ಬೆಳಿಗ್ಗೆ ಪಟ್ಟಿಯಿಂದಲೇ ಗೊತ್ತಾಗಬೇಕು, ಬುಧವಾರದೊಳಗೆ ಆಶಾ ಅವರ ಮನೆಗೆ ಹೋಗಿ ಬಂದಿರಬೇಕು. ಬಿಪಿ ಹತೋಟಿಯಲ್ಲಿರುವವರಿಗೆ ಮೂರು ತಿಂಗಳ ಮಾತ್ರೆಯನ್ನು ಒಟ್ಟಿಗೆ ಉಪಕೇಂದ್ರದಲ್ಲೇ ಕೊಟ್ಟರೆ, ಮೇಲಿನ ಲೆಕ್ಕದ ದಿನಕ್ಕೆ 180 ಎಂಬುದು 60ಕ್ಕೆ ಇಳಿಯುತ್ತದೆ, ಅದೂ ಆರೇಳು ಜಾಗಗಳಿಗೆ ಹಂಚಿಹೋಗುತ್ತದೆ. ವೈದ್ಯರ ಸಮಯ ಹತೋಟಿಗೆ ಬಾರದವರಿಗೆ ಉಳಿಯುತ್ತದೆ. ಇದು ಕಲ್ಪನೆಯ ಮಾತಲ್ಲ. 2017ರಿಂದ ಹಲವು ರಾಜ್ಯಗಳಲ್ಲಿ ನಡೆಯುತ್ತಿರುವ ಭಾರತೀಯ ಅಧಿಕ ರಕ್ತದೊತ್ತಡ ನಿಯಂತ್ರಣ ಉಪಕ್ರಮ ಎಲ್ಲರಿಗೂ ಒಂದೇ ಸರಳ ಔಷಧಕ್ರಮ, ತಪ್ಪದ ಪೂರೈಕೆ, ನರ್ಸ್‌ಗಳ ಪಾಲ್ಗೊಳ್ಳುವಿಕೆ ಎಂಬ ಇದೇ ದಾರಿಯಲ್ಲಿದೆ. ಬ್ರೆಜಿಲ್ 1994ರಿಂದ ಕಟ್ಟಿಕೊಂಡು ಬಂದ ಕುಟುಂಬ ಆರೋಗ್ಯ ತಂಡಗಳು ಇನ್ನೂ ಚಿಕ್ಕವು, ಒಂದು ತಂಡಕ್ಕೆ ಮೂರು ನಾಲ್ಕು ಸಾವಿರ ಜನ. ಬ್ರಿಟನ್ನಿನಲ್ಲಿ 1948ರಿಂದಲೂ ಪ್ರತಿಯೊಬ್ಬರ ಹೆಸರು ಒಬ್ಬ ಕುಟುಂಬ ವೈದ್ಯರ ಪಟ್ಟಿಯಲ್ಲಿದೆ, ಮತ್ತು ಆ ವೈದ್ಯರ ಆದಾಯದ ಮುಖ್ಯ ಪಾಲು ಎಷ್ಟು ಸೂಜಿ ಚುಚ್ಚಿದರು ಎಂಬುದರ ಮೇಲಲ್ಲ, ಪಟ್ಟಿಯಲ್ಲಿ ಎಷ್ಟು ಜನರಿದ್ದಾರೆ ಎಂಬುದರ ಮೇಲೆ ನಿಂತಿದೆ.

ಔಷಧ ಪೂರೈಕೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಉತ್ತರ ಪಕ್ಕದ ರಾಜ್ಯದಲ್ಲೇ ಇದೆ. ತಮಿಳುನಾಡು 1990ರ ದಶಕದ ಮಧ್ಯದಲ್ಲಿ ಆರಂಭಿಸಿದ ವೈದ್ಯಕೀಯ ಸೇವಾ ನಿಗಮವು ಇಡೀ ರಾಜ್ಯಕ್ಕೆ ಒಟ್ಟಿಗೆ ಟೆಂಡರ್ ಕರೆದು, ಬಂದ ಔಷಧವನ್ನು ಪರೀಕ್ಷೆಗೊಳಪಡಿಸಿ, ಪ್ರತಿ ಆಸ್ಪತ್ರೆಗೂ ಒಂದು ಪಾಸ್‌ಬುಕ್ ಕೊಟ್ಟು, ಅದರ ಮಿತಿಯೊಳಗೆ ಆಸ್ಪತ್ರೆ ತನಗೆ ಬೇಕಾದುದನ್ನು ಜಿಲ್ಲಾ ಗೋದಾಮಿನಿಂದ ಎತ್ತಿಕೊಳ್ಳುವಂತೆ ಮಾಡಿತು. ಹೊಸ ಕಟ್ಟಡಕ್ಕೆ ಶಂಕುಸ್ಥಾಪನೆ ಮಾಡಿದರೆ ಫೋಟೋ ಬರುತ್ತದೆ, ಗೋದಾಮಿನಲ್ಲಿ ಸ್ಟಾಕ್ ಖಾಲಿಯಾಗದಂತೆ ನೋಡಿಕೊಂಡರೆ ಬರುವುದಿಲ್ಲ ಎಂಬುದೇ ಇದಕ್ಕಿರುವ ಅಡ್ಡಿ.

ಇನ್ನು ಹಣದ ವಿಷಯ. ಕೇಂದ್ರ, ರಾಜ್ಯ, ಸ್ಥಳೀಯ ಸಂಸ್ಥೆಗಳೆಲ್ಲ ಸೇರಿ ಆರೋಗ್ಯಕ್ಕೆ ಮಾಡಿದ ವೆಚ್ಚ 2021-22ರಲ್ಲಿ ದೇಶದ ಒಟ್ಟು ಉತ್ಪನ್ನದ ಶೇ. 1.84. ರಾಷ್ಟ್ರೀಯ ಆರೋಗ್ಯ ನೀತಿ 2017ರಲ್ಲಿ ಇಟ್ಟುಕೊಂಡ ಗುರಿ 2025ರ ಹೊತ್ತಿಗೆ ಶೇ. 2.5, ಅದರಲ್ಲಿ ಮೂರನೆಯ ಎರಡು ಪಾಲು ಪ್ರಾಥಮಿಕ ಹಂತಕ್ಕೆ ಹೋಗಬೇಕೆಂದೂ ಅದೇ ನೀತಿ ಹೇಳಿತ್ತು. ಸರ್ಕಾರದ ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರದ ಪ್ರಕಾರ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ಜೇಬಿನಿಂದ ಹಾಕುವ ಪಾಲು 2013-14ರ ಶೇ. 64.2ರಿಂದ 2021-22ರಲ್ಲಿ ಶೇ. 39.4ಕ್ಕೆ ಇಳಿದಿದೆ. ಇಳಿದದ್ದು ಒಳ್ಳೆಯದೇ, ಆದರೆ ಈಗಲೂ ಐದು ರೂಪಾಯಿಯಲ್ಲಿ ಎರಡು ರೂಪಾಯಿ ಕಾಯಿಲೆ ಬಿದ್ದವರ ಕೈಯಿಂದಲೇ ಹೋಗುತ್ತಿದೆ.

ಈ ಹಣವನ್ನು ಎಲ್ಲಿಂದ ತರಬೇಕು? ಜರ್ಮನಿ 1883ರಲ್ಲಿ ಆರಂಭಿಸಿದ ದಾರಿ ಸಂಬಳದಿಂದ ವಂತಿಗೆ ಹಿಡಿಯುವುದು. ಸಂಬಳದ ಚೀಟಿ ಇರುವವರೇ ಹೆಚ್ಚಾಗಿರುವ ದೇಶಕ್ಕೆ ಅದು ಹೊಂದುತ್ತದೆ. ತಿಪಟೂರಿನ ಕೊಬ್ಬರಿ ಬೆಳೆಗಾರರಿಂದ, ಶಿರಾದ ಕಡಲೆಕಾಯಿ ಹೊಲದ ಕೂಲಿಯವರಿಂದ, ಬೀಡಿ ಕಟ್ಟುವವರಿಂದ ತಿಂಗಳು ತಿಂಗಳು ವಂತಿಗೆ ವಸೂಲಿ ಮಾಡುವ ಖರ್ಚೇ ಬರುವ ಹಣಕ್ಕಿಂತ ಹೆಚ್ಚಾದೀತು. ಥಾಯ್ಲೆಂಡ್ 2002ರಲ್ಲಿ, ನೌಕರಿಯ ಯೋಜನೆಗಳಿಂದ ಹೊರಗುಳಿದಿದ್ದ ತನ್ನ ಬಹುಪಾಲು ಜನರನ್ನು ಸಾಮಾನ್ಯ ತೆರಿಗೆಯ ಹಣದಿಂದಲೇ ಒಂದೇ ಯೋಜನೆಯೊಳಗೆ ತಂದಿತು. ಒಂದು ಭೇಟಿಗೆ 30 ಬಾತ್ ಕೊಟ್ಟರೆ ಆಯಿತು. ತಾಲ್ಲೂಕು ಮಟ್ಟದ ಆಸ್ಪತ್ರೆ ಮತ್ತು ಅದರ ಕೆಳಗಿನ ಕೇಂದ್ರಗಳ ಜಾಲಕ್ಕೆ ನೋಂದಾಯಿತ ಜನಸಂಖ್ಯೆಯ ಲೆಕ್ಕದಲ್ಲಿ ಹಣ ಹೋಗುತ್ತದೆ. ಆ ಜಾಲವನ್ನು ಅವರು ಅದಕ್ಕಿಂತ ಎರಡು ದಶಕಗಳ ಮೊದಲಿನಿಂದಲೇ ಕಟ್ಟಿಕೊಂಡು ಬಂದಿದ್ದರು ಎಂಬುದು ಮರೆಯಬಾರದ ವಿಷಯ. ನಾವು ಕಾರ್ಡನ್ನು ಮೊದಲು ಹಂಚಿದೆವು.

ನೌಕರಿಗೆ ಕಟ್ಟಿದ ಆರೋಗ್ಯ ಸೌಲಭ್ಯ ಏನಾಗುತ್ತದೆ ಎಂಬುದಕ್ಕೆ ಕೋಲಾರದ ಚಿನ್ನದ ಗಣಿ ಸಾಕ್ಷಿ. ಕಂಪನಿಯ ದೊಡ್ಡ ಆಸ್ಪತ್ರೆ ಗಣಿ ಕಾರ್ಮಿಕರ ಕುಟುಂಬಗಳನ್ನು ಹಲವು ತಲೆಮಾರುಗಳ ಕಾಲ ನೋಡಿಕೊಂಡಿತ್ತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ಆಸ್ಪತ್ರೆಯ ಆಸರೆಯೂ ಹೋಯಿತು. ಕಲ್ಲಿನ ದೂಳಿನಿಂದ ಬರುವ ಸಿಲಿಕೋಸಿಸ್ ಮಾತ್ರ ಕಾರ್ಮಿಕರ ಎದೆಯೊಳಗೆ ಉಳಿಯಿತು. ಆ ಕಾಯಿಲೆ ಕೆಲಸ ಬಿಟ್ಟ ಮೇಲೂ ಹೆಚ್ಚುತ್ತಲೇ ಹೋಗುತ್ತದೆ. ಆದ್ದರಿಂದ ಆರೋಗ್ಯದ ಹಕ್ಕನ್ನು ಕೆಲಸಕ್ಕೂ ಕಟ್ಟಬಾರದು, ರೇಷನ್ ಕಾರ್ಡಿನ ಬಣ್ಣಕ್ಕೂ ಕಟ್ಟಬಾರದು, ಊರಿನಲ್ಲಿ ವಾಸವಿರುವುದಷ್ಟೇ ಸಾಕಾಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಖಾಸಗಿ ಆಸ್ಪತ್ರೆಗಳನ್ನು ಏನು ಮಾಡಬೇಕೆಂದು ಕೇಳಿದ್ದೀರಿ. ತುಮಕೂರು ಪೇಟೆಯ ನರ್ಸಿಂಗ್ ಹೋಮ್‌ಗಳು ನಾಳೆ ಬಾಗಿಲು ಹಾಕಿದರೆ ಜಿಲ್ಲಾಸ್ಪತ್ರೆ ಒಂದು ವಾರವೂ ಆ ಹೊರೆ ತಡೆಯಲಾರದು. ಅವು ಇರಲಿ, ಆದರೆ ಅವುಗಳಿಂದ ಸೇವೆ ಕೊಳ್ಳುವ ಕೈ ಒಂದೇ ಆಗಿರಲಿ. ಜಪಾನಿನಲ್ಲಿ ಆಸ್ಪತ್ರೆಗಳಲ್ಲಿ ಹೆಚ್ಚಿನವು ಖಾಸಗಿ. ಆದರೂ 1961ರಿಂದ ಎಲ್ಲರೂ ವಿಮೆಯೊಳಗಿದ್ದಾರೆ, ಪ್ರತಿ ಚಿಕಿತ್ಸೆಗೂ ಇಡೀ ದೇಶಕ್ಕೆ ಒಂದೇ ದರಪಟ್ಟಿ, ಎರಡು ವರ್ಷಕ್ಕೊಮ್ಮೆ ಅದರ ಪರಿಷ್ಕರಣೆ. ನಮ್ಮಲ್ಲಿ ದರದ ಮಾತೆತ್ತಿದರೆ ಏನಾಗುತ್ತದೆಂಬುದನ್ನು 2017ರ ನವೆಂಬರಿನಲ್ಲಿ ನೋಡಿದ್ದೇವೆ. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ತಿದ್ದುಪಡಿಯ ವಿರುದ್ಧ ರಾಜ್ಯದ ವೈದ್ಯರು ಒಪಿಡಿ ಮುಚ್ಚಿ ಬೀದಿಗಿಳಿದಿದ್ದರು. ಅವರ ಒಂದು ದೂರಿನಲ್ಲಿ ನ್ಯಾಯವಿತ್ತು ಎಂದು ನಾನು ಈಗಲೂ ಭಾವಿಸುತ್ತೇನೆ: ವೆಚ್ಚ ಲೆಕ್ಕ ಹಾಕದೆ ದರ ಹೇರಿದರೆ, ಬಾಕಿಯನ್ನು ತಿಂಗಳುಗಟ್ಟಲೆ ಉಳಿಸಿಕೊಂಡರೆ, ಯಾವ ಸಣ್ಣ ಆಸ್ಪತ್ರೆಯೂ ಬದುಕುವುದಿಲ್ಲ. ಬಿಲ್ ಪಾವತಿಗೆ ಕಟ್ಟುನಿಟ್ಟಿನ ಗಡುವು, ಬಹಿರಂಗ ದರಪಟ್ಟಿ, ಅದರ ಮೇಲೆ ರೋಗಿಯಿಂದ ಒಂದು ರೂಪಾಯಿ ಕೇಳಿದರೂ ಗುತ್ತಿಗೆ ರದ್ದು ಎಂಬ ಮೂರೂ ಒಟ್ಟಿಗೆ ಬರಬೇಕು. ಶಸ್ತ್ರಚಿಕಿತ್ಸೆಗೆ ಮಾತ್ರ ಪ್ಯಾಕೇಜ್ ಕೊಟ್ಟು, ಶಸ್ತ್ರಚಿಕಿತ್ಸೆ ಬೇಡವೆಂದು ಸರಿಯಾಗಿ ಹೇಳಿದ ವೈದ್ಯರಿಗೆ ಏನೂ ಕೊಡದ ಪದ್ಧತಿ ಅನಗತ್ಯ ಆಪರೇಷನ್‌ಗಳನ್ನು ತಾನೇ ಹುಟ್ಟುಹಾಕುತ್ತದೆ.

ವೈದ್ಯರು ಹಳ್ಳಿಗೆ ಬರುವುದಿಲ್ಲ ಎಂಬ ಮಾತು ಅರ್ಧ ನಿಜ. ಓದು ಮುಗಿಸಿದವರ ಕಡ್ಡಾಯ ಸೇವೆಗೆಂದು 2012ರ ಕಾಯ್ದೆಯೊಂದು ನಮ್ಮ ರಾಜ್ಯದಲ್ಲಿದೆ. ಆದರೆ ಒಂದು ವರ್ಷಕ್ಕೆ ಬಂದು ಹೋಗುವವರು ಯಾವ ಊರಿನ ಹೆಸರುಪಟ್ಟಿಯನ್ನೂ ತಮ್ಮದೆಂದುಕೊಳ್ಳುವುದಿಲ್ಲ. ಕುಟುಂಬ ವೈದ್ಯಶಾಸ್ತ್ರಕ್ಕೆ ತಜ್ಞತೆಯ ಸ್ಥಾನ ಮತ್ತು ಸಂಬಳ, ಕೆಲಸದ ಜಾಗದಲ್ಲೇ ವಾಸಯೋಗ್ಯ ಕ್ವಾರ್ಟರ್ಸ್, ಐದು ವರ್ಷ ಉಳಿದವರಿಗೆ ಬೇಕಾದ ಕಡೆ ವರ್ಗಾವಣೆಯ ಖಾತರಿ ಇವಿಷ್ಟು ಸಿಕ್ಕರೆ ಬರುವವರಿದ್ದಾರೆ. ಆಶಾ ಕಾರ್ಯಕರ್ತೆಯರನ್ನು ಪ್ರೋತ್ಸಾಹಧನದ ಲೆಕ್ಕದಿಂದ ಹೊರತಂದು ಸಂಬಳದ ನೌಕರರನ್ನಾಗಿ ಮಾಡುವುದು ಇದಕ್ಕಿಂತ ಮೊದಲು ಆಗಬೇಕಾದ ಕೆಲಸ, ಏಕೆಂದರೆ ನಾನು ಮೇಲೆ ಹೇಳಿದ ಹೆಸರುಪಟ್ಟಿಯ ವ್ಯವಸ್ಥೆ ನಿಲ್ಲುವುದೇ ಅವರ ಓಡಾಟದ ಮೇಲೆ.

ರಾಷ್ಟ್ರೀಯ ವ್ಯವಸ್ಥೆ ಎಂದರೆ ದೆಹಲಿಯಿಂದ ನಡೆಸುವ ವ್ಯವಸ್ಥೆಯಲ್ಲ. ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಆಸ್ಪತ್ರೆಗಳು ರಾಜ್ಯಪಟ್ಟಿಯಲ್ಲಿವೆ, ಅಲ್ಲೇ ಇರಲಿ. ಕೆನಡಾದಲ್ಲಿ ಪ್ರಾಂತಗಳೇ ಆರೋಗ್ಯ ಸೇವೆಯನ್ನು ನಡೆಸುತ್ತವೆ. 1984ರ ಕಾಯ್ದೆಯ ಷರತ್ತುಗಳನ್ನು ಪಾಲಿಸಿದರೆ ಒಕ್ಕೂಟ ಸರ್ಕಾರದ ಪೂರ್ತಿ ಹಣ ಬರುತ್ತದೆ, ರೋಗಿಯಿಂದ ಹೆಚ್ಚುವರಿ ವಸೂಲಿಗೆ ಬಿಟ್ಟರೆ ಆ ಹಣದಲ್ಲಿ ಕಡಿತವಾಗುತ್ತದೆ. ಪ್ರಾಂತ ದಾಟಿದರೂ ಸೌಲಭ್ಯ ಜೊತೆಗೆ ಬರಬೇಕೆಂಬುದು ಅಲ್ಲಿನ ಒಂದು ಷರತ್ತು. ಅದರ ಬೆಲೆ ಪಾವಗಡದವರಿಗೆ ಹೇಳಿಕೊಡಬೇಕಿಲ್ಲ. ಆಂಧ್ರದ ಗಡಿಯಿಂದ ಸುತ್ತುವರಿದ ಆ ತಾಲ್ಲೂಕಿನ ಹಲವು ಊರುಗಳಿಗೆ ತುಮಕೂರಿಗಿಂತ ಹಿಂದೂಪುರ ಹತ್ತಿರ.

ಪಾವಗಡದ ಹೆಸರು ಬಂದಾಗ ಇನ್ನೊಂದು ಮಾತು. ಅಲ್ಲಿ, ಹಾಗೆಯೇ ಬಾಗೇಪಲ್ಲಿ, ಗುಡಿಬಂಡೆ ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದೆಂಬ ಮಿತಿಯಿದೆ. ಅದನ್ನು ಮೀರಿದ ನೀರು ವರ್ಷಗಟ್ಟಲೆ ಒಳಗೆ ಹೋಗಿ ಮೂಳೆ ಬಾಗಿದ ಮೇಲೆ ಯಾವ ಆಸ್ಪತ್ರೆಯೂ ಅದನ್ನು ನೆಟ್ಟಗೆ ಮಾಡಲಾರದು. ಪಂಚಾಯಿತಿಯ ಶುದ್ಧ ನೀರಿನ ಘಟಕ ಕೆಟ್ಟು ನಿಂತರೆ ಇಷ್ಟು ದಿನದೊಳಗೆ ರಿಪೇರಿ ಆಗಬೇಕೆಂದು ಬರೆದು ಆದೇಶಿಸುವ ಅಧಿಕಾರ ತಾಲ್ಲೂಕು ಆರೋಗ್ಯಾಧಿಕಾರಿಗೆ ಇರಬೇಕು.

ಎಲ್ಲರಿಗೂ ಎಲ್ಲ ಚಿಕಿತ್ಸೆಯನ್ನೂ ಕೊಡುವ ವ್ಯವಸ್ಥೆ ಜಗತ್ತಿನಲ್ಲಿ ಎಲ್ಲೂ ಇಲ್ಲ. ಬ್ರಿಟನ್ 1999ರಲ್ಲಿ ಮತ್ತು ಥಾಯ್ಲೆಂಡ್ ಆಮೇಲೆ ಇದಕ್ಕೆಂದೇ ಸಂಸ್ಥೆಗಳನ್ನು ಕಟ್ಟಿ, ಹೊಸ ಔಷಧವೊಂದು ಎಷ್ಟು ಆಯುಸ್ಸು ಕೊಡುತ್ತದೆ, ಎಷ್ಟು ಹಣ ತಿನ್ನುತ್ತದೆ ಎಂದು ತೂಗಿ, ನಿರ್ಧಾರವನ್ನು ಕಾರಣಸಹಿತ ಪ್ರಕಟಿಸುತ್ತವೆ. ನಮ್ಮಲ್ಲೂ 2017ರಿಂದ ಇಂಥ ಘಟಕವಿದೆ, ಅದರ ಮಾತಿಗೆ ಕಾನೂನಿನ ಬಲ ಬೇಕು. ಡಿಜಿಟಲ್ ದಾಖಲೆಗಳಿಂದ ಎಲ್ಲವೂ ಸರಿಹೋಗುತ್ತದೆಂದು ಹೇಳುವವರ ಬಗ್ಗೆ ನನಗೆ ಅಷ್ಟು ಉತ್ಸಾಹವಿಲ್ಲ. ಒಬ್ಬೊಬ್ಬರ ಆರೋಗ್ಯ ದಾಖಲೆಗಳನ್ನೂ ಒಂದೆಡೆ ಜೋಡಿಸಲು 2021ರಲ್ಲಿ ದೇಶಕ್ಕೆಲ್ಲ ಬಂದ 14 ಅಂಕಿಯ ಆಭಾ ಸಂಖ್ಯೆ ಉಪಯುಕ್ತವೇ, ಆದರೆ ಬೆಂಗಳೂರಿನ ಡಿಸ್ಚಾರ್ಜ್ ಸಮರಿ ನಿಮ್ಮೂರಿನ ಉಪಕೇಂದ್ರದ ಪರದೆಯ ಮೇಲೆ ಕಾಣುವುದಷ್ಟೇ ಅಲ್ಲ, ಅದನ್ನು ಓದಿ ಮರುದಿನ ನಿಮ್ಮ ಮನೆಗೆ ಬರುವವರೂ ಇರಬೇಕು.

ಕೊನೆಯದಾಗಿ ನಿಮ್ಮ ಪಾಲಿಸಿಯ ಪ್ರಶ್ನೆ. ತಂದೆಯವರ ಹೆಸರಿಗೆ ಈಗ ಪಾಲಿಸಿ ಸಿಕ್ಕರೂ ಪ್ರೀಮಿಯಂ ಹೆಚ್ಚಿರುತ್ತದೆ, ಮೊದಲೇ ಇದ್ದ ಕಾಯಿಲೆಗೆ ಕಂಪನಿಗಳು ಮೂರು ವರ್ಷದವರೆಗೆ ಕಾಯಿಸಬಹುದು, ಅವರಿಗೆ ದಿನವೂ ಬೇಕಾದ ಮಾತ್ರೆ ಮತ್ತು ಫಿಸಿಯೋಥೆರಪಿ ಸಾಮಾನ್ಯವಾಗಿ ಅದರೊಳಗೆ ಬರುವುದೇ ಇಲ್ಲ. ಆ ಹಣವನ್ನು ಜನೌಷಧಿ ಅಂಗಡಿಯ ಮಾತ್ರೆಗೆ ಇಟ್ಟುಕೊಳ್ಳುವುದು ಮೇಲು. ಅವರ ಡಿಸ್ಚಾರ್ಜ್ ಸಮರಿಯ ಒಂದು ಪ್ರತಿಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕೊಟ್ಟು, ಅಸಾಂಕ್ರಾಮಿಕ ರೋಗಗಳ ನೋಂದಣಿಯಲ್ಲಿ ಹೆಸರು ಬರೆಸಿ, ಬಿಪಿ ಮಾತ್ರೆ ಅಲ್ಲಿಂದ ಬರುವಂತೆ ಕೇಳಿ. ಒಮ್ಮೆಗೆ ಒಂದು ತಿಂಗಳಿನದನ್ನಾದರೂ ಕೊಡಿ ಎಂದು ವೈದ್ಯರಲ್ಲಿ ವಿನಂತಿಸಿ. ನಿಮ್ಮ ವಯಸ್ಸು ನಲವತ್ತರ ಒಳಗಿದ್ದು ಕಾಯಿಲೆಗಳಿಲ್ಲದಿದ್ದರೆ, ಸರ್ಕಾರಿ ಕಾರ್ಡಿನ ಮಿತಿ ಸಾಲದೆಂದು ಅನ್ನಿಸಿದರೆ, ನಿಮ್ಮ ಮಟ್ಟಿಗೆ ಒಂದು ಪಾಲಿಸಿ ಮಾಡಿಸಬಹುದು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಪಾಲಿಸಿಗಳ ಮೇಲೆ ಜಿಎಸ್‌ಟಿ ಇಲ್ಲ. ಅರ್ಜಿಯಲ್ಲಿ ನಿಮಗಿರುವ ಸಣ್ಣ ತೊಂದರೆಯನ್ನೂ ಮುಚ್ಚಿಡಬೇಡಿ, ಮುಂದೆ ಕ್ಲೇಮ್ ತಿರಸ್ಕರಿಸಲು ಕಂಪನಿಗಳು ಮೊದಲು ತೋರಿಸುವ ಕಾರಣ ಅದೇ. ಜೊತೆಗೆ ನಿಮ್ಮ ಬಿಪಿಯನ್ನೂ ಒಮ್ಮೆ ನೋಡಿಸಿ, ತಂದೆಗೆ ಬಿಪಿ ಇದ್ದರೆ ಮಕ್ಕಳಿಗೂ ಬರುವ ಸಂಭವ ಹೆಚ್ಚು.